ಅಪ್‌ಡೇಟ್: ಅಡಿಕೆ ಸೊಸೈಟಿಯ ಹಳೇ ಸರ್ವರ್ ಏನಾಯ್ತು?

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ಸೊಸೈಟಿ ಇನ್ನೂ ಮೈಕ್ರೋಸಾಫ್ಟ್‌ನ ಹಳೇ ಸರ್ವರ್ ಸಾಫ್ಟ್‌ವೇರ್ ವಿಂಡೋಸ್ ಸರ್ವರ್ 2012ರಲ್ಲೇ ಇದೆ, ಎಲ್ಲವನ್ನೂ ಕ್ಲೌಡ್‌ಗೆ (ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಸರ್ವರ್‌ಗಳಿಗೆ) ಹಾಕಬೇಕಾ ಅಂತ ಹಿಂದೆ ಕೇಳಿದ್ದೆ. ಅದರ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ ಎಂದು ಕಮಿಟಿಗೆ ಹೇಳಿದೆ. "ಓಡ್ತಾ ಇದೆಯಲ್ಲ ಮಾರಾಯ, ಸುಮ್ನೆ ಖರ್ಚು ಯಾಕೆ?" ಅಂದರು ಅಧ್ಯಕ್ಷರು. ಪ್ಯಾಚ್ (ಭದ್ರತಾ ದೋಷ ಸರಿಪಡಿಸುವ ಅಪ್‌ಡೇಟ್) ಬರುವುದಿಲ್ಲ ಅಂದರೆ ಯಾರಿಗೂ ಬಿಸಿ ತಟ್ಟಲಿಲ್ಲ. ಕೊಯ್ಲಿನ ಹೊತ್ತಿಗೆ ರಾನ್ಸಮ್‌ವೇರ್ (ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ನುಗ್ಗಿ ಸದಸ್ಯರ ಸಾಲದ ಲೆಕ್ಕವೆಲ್ಲ ಲಾಕ್ ಆದರೆ ಎಂದಾಗ ಎಲ್ಲರೂ ನೆಟ್ಟಗೆ ಕೂತರು!

ಪೂರ್ತಿ ಕ್ಲೌಡ್ ಬೇಡ ಅಂತಾಯ್ತು. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು, ಫೈಬರ್ ಎರಡೂ ಇಲ್ಲ. ಯುಪಿಎಸ್ ಇದ್ದರೂ ನೆಟ್ ಬೇಕಲ್ವಾ? ಹಾಗಾಗಿ ಬಿಲ್ಲಿಂಗ್‌ಗೆ ಇಲ್ಲೇ ಹೊಸ ಸರ್ವರ್, ಕ್ಲೌಡ್‌ಗೆ ಬ್ಯಾಕಪ್ ಮಾತ್ರ. ಇನ್ನೊಂದು ಪ್ರತಿ ನೆಟ್‌ವರ್ಕಿಗೆ ಜೋಡಿಸದ ಡಿಸ್ಕಿನಲ್ಲಿ. ಬ್ಯಾಕಪ್‌ನಿಂದ ಡೇಟಾ ರಿಸ್ಟೋರ್ ಮಾಡಿ ನೋಡಿದೆವು, ವಾಪಸ್ ಬಂತು. ಹಳೇ ಸಾಫ್ಟ್‌ವೇರಿನ ಡೇಟಾ ಸಾಗಿಸುವುದು ಬಾಕಿ. ಆ ಸಾಫ್ಟ್‌ವೇರ್ ಬರೆದುಕೊಟ್ಟವರು ಫೋನ್ ಎತ್ತುತ್ತಿಲ್ಲ.