ಅಪ್ಪನನ್ನು ಮನೆಗೆ ಕರೆತರುತ್ತಿದ್ದೇವೆ. ಮನೆಯಲ್ಲೇ ಹಾಸ್ಪಿಸ್, ಅಂದರೆ ಕೊನೆಗಾಲದ ಆರೈಕೆ ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಮುಲುಂಡ್:

ಅಪ್ಪನಿಗೆ 74 ವರ್ಷ. ಪ್ಯಾಂಕ್ರಿಯಾಸ್ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಇನ್ನು ಕೀಮೋ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರ್. ನ್ಯೂಜೆರ್ಸಿಯಲ್ಲಿರುವ ಅಕ್ಕ ಫೋನ್ ಮಾಡಿದಾಗಲೆಲ್ಲ "ಹಾಸ್ಪಿಸ್‌ನವರನ್ನು ಕರೆಸು, ಅವರೇ ಎಲ್ಲ ನೋಡ್ಕೋತಾರೆ" ಅನ್ನುತ್ತಾಳೆ. ಮುಂಬೈಯಲ್ಲಿ ಇಂಥದ್ದು ಇದೆಯಾ? ನಮ್ಮದು ಒನ್ ಬಿಎಚ್‌ಕೆ. ನಾನು, ಹೆಂಡತಿ, ಅಮ್ಮ, ಹತ್ತನೇ ಕ್ಲಾಸಿನ ಮಗ. ನಮ್ಮ ಕೈಲಿ ಆಗುತ್ತಾ? ಅಮ್ಮನಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಡೊಂಬಿವಲಿಯಿಂದ:

ಇದೆ. ಆದರೆ "ಅವರೇ ಎಲ್ಲ ನೋಡ್ಕೋತಾರೆ" ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಎರಡು ವರ್ಷದ ಹಿಂದೆ ನನ್ನ ಅಮ್ಮ ಮನೆಯಲ್ಲೇ ತೀರಿಕೊಂಡರು. ಒಟ್ಟು ಹನ್ನೊಂದು ವಾರ. ಟೀಮ್ ವಾರಕ್ಕೊಮ್ಮೆ ಬರುತ್ತಿತ್ತು, ಕೊನೆಗೆ ಎರಡು ಸಲ. ಬಂದರೆ ಒಂದು ಗಂಟೆ. ಉಳಿದ ಹೊತ್ತೆಲ್ಲ ನಾವೇ. ಅಮೆರಿಕದಲ್ಲೂ ಹೆಚ್ಚುಕಡಿಮೆ ಹಾಗೇ ಅಂತೆ. ಆಯುಷ್ಯ ಆರು ತಿಂಗಳೊಳಗೆ ಎಂದು ಡಾಕ್ಟರ್ ಬರೆದುಕೊಟ್ಟರೆ ಅಲ್ಲಿ ವಯಸ್ಸಾದವರ ಸರಕಾರಿ ವಿಮೆ ಮೆಡಿಕೇರ್ ದುಡ್ಡು ಕೊಡುತ್ತದೆ, ಆದರೂ ನರ್ಸ್ ಬಂದು ಹೋಗುವವರೇ. ಪಕ್ಕದಲ್ಲಿ ಕೂರುವವರು ಮನೆಯವರು.

ಹಾಗಾದರೆ ಅವರು ಬಂದು ಮಾಡುವುದೇನು? ನಮಗೆ ಬಂದದ್ದು ಒಬ್ಬರು ಡಾಕ್ಟರ್, ಒಬ್ಬರು ನರ್ಸ್, ಒಬ್ಬರು ಕೌನ್ಸೆಲರ್. ನೋವಿನ ಔಷಧಿ ಹೆಚ್ಚುಕಡಿಮೆ ಮಾಡುತ್ತಿದ್ದರು. ಕ್ಯಾಥೆಟರ್‌ನ ಮೂತ್ರದ ಬ್ಯಾಗ್ ಖಾಲಿ ಮಾಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನಲ್ಲಿ ಹುಣ್ಣಾಗದಂತೆ ನೋಡುವುದು, ಎಲ್ಲ ಕಲಿಸಿದರು. ಕೌನ್ಸೆಲರ್ ಅಮ್ಮನಿಗಿಂತ ನನ್ನ ತಮ್ಮನ ಹತ್ತಿರ ಜಾಸ್ತಿ ಮಾತಾಡಿದರು. ಅವನಿಗೇ ಬೇಕಿತ್ತು.

ಅಪ್ಪನ ಫೈಲ್ ಪರೇಲ್‌ನ ಟಾಟಾ ಮೆಮೋರಿಯಲ್‌ನಲ್ಲಿದ್ದರೆ ಅಲ್ಲಿನ ಪ್ಯಾಲಿಯೇಟಿವ್ (ನೋವು, ಕಷ್ಟ ಕಡಿಮೆ ಮಾಡುವ) ವಿಭಾಗದಲ್ಲಿ ಕೇಳಿ, ಅವರಿಗೆ ಮನೆಗೆ ಬರುವ ಟೀಮ್ ಇದೆ. ಪಾಲ್‌ಕೇರ್ ಎನ್ನುವ ಸಂಸ್ಥೆ ಕೂಡ ಕ್ಯಾನ್ಸರ್ ರೋಗಿಗಳ ಮನೆಗೆ ಬರುತ್ತದೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ನಿಮ್ಮ ಏರಿಯಾಗೆ ಬರುತ್ತಾರಾ ಎಂದು ಮೊದಲೇ ಕೇಳಿಬಿಡಿ. ಮನೆಯಲ್ಲಿ ಸಾಧ್ಯವೇ ಆಗದಿದ್ದರೆ ಬಾಂದ್ರಾದ ಮೌಂಟ್ ಮೇರಿ ಹತ್ತಿರ ಶಾಂತಿ ಅವೇದ್ನಾ ಇದೆ. 1986ರಲ್ಲಿ ಶುರುವಾದದ್ದು, ದೇಶದ ಮೊದಲ ಹಾಸ್ಪಿಸ್. ಕ್ಯಾನ್ಸರ್‌ನವರಿಗೆ ಮಾತ್ರ, ಉಚಿತ. ಅಲ್ಲಿಗೆ ಸೇರಿಸಿದರೆ ಅಪ್ಪನನ್ನು ಕೈಬಿಟ್ಟ ಹಾಗೆ ಅಂದುಕೊಳ್ಳಬೇಡಿ.

ನಮಗೆ ಔಷಧಿಗಿಂತ ಜಾಸ್ತಿ ಖರ್ಚಾದದ್ದು ಆಳಿಗೆ. ಬ್ಯೂರೋದಿಂದ ಒಬ್ಬಳು ಮಾವ್ಶಿ (ರೋಗಿಯನ್ನು ನೋಡಿಕೊಳ್ಳುವ ಆಯಾ), ಹನ್ನೆರಡು ಗಂಟೆಗೆ 900 ರೂಪಾಯಿ. ಮೊದಲು ಬಂದವಳಿಗೆ ಹಾಸಿಗೆ ಹಿಡಿದವರನ್ನು ತಿರುಗಿಸಲೂ ಬರುತ್ತಿರಲಿಲ್ಲ, ನಾಲ್ಕನೇ ದಿನ ಹೇಳದೆ ಕೇಳದೆ ಬಿಟ್ಟಳು. ರಾತ್ರಿ ಪಾಳಿಗೆ ಮಾತ್ರ ಜನ ಇಟ್ಟುಕೊಳ್ಳಿ, ನೀವು ಮಲಗಿ. ನಾವು ಉಲ್ಟಾ ಮಾಡಿದೆವು. ಮಂಚ, ಏರ್ ಬೆಡ್ ಬಾಡಿಗೆಗೆ ಸಿಗುತ್ತವೆ. ಬೆಡ್‌ರೂಮಿಗೆ ಹಾಕಬೇಡಿ, ಹಾಲ್‌ನಲ್ಲೇ ಹಾಕಿ. ಅಮ್ಮ ಅಲ್ಲಿಂದಲೇ ಕುಕ್ಕರ್ ಸೀಟಿ ಎಣಿಸಿ ಸೊಸೆಯನ್ನು ಕೂಗುತ್ತಿದ್ದರು.

ಇನ್ನೊಂದು. ಕರೆತರುವ ಮೊದಲು ಲಿಫ್ಟ್ ಅಳೆಯಿರಿ. ನಮ್ಮ ಲಿಫ್ಟ್‌ನಲ್ಲಿ ಸ್ಟ್ರೆಚರ್ ಹಿಡಿಸಲಿಲ್ಲ. ಮೂರನೇ ಮಹಡಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತೆವು. ಅಮ್ಮ ನೋವಲ್ಲೂ "ಪಲ್ಲಕ್ಕಿ ಉತ್ಸವ" ಅಂದರು.

ವಾಶಿಯಿಂದ, ಸ್ಟಾಫ್ ನರ್ಸ್, ಊರು ಕುಂದಾಪುರ:

ಜೋರು ನೋವಿಗೆ ಕೊಡುವ ಮಾರ್ಫಿನ್ ಬಗ್ಗೆ ಹೇಳುತ್ತೇನೆ, ಹೆದರುವುದು ಅಲ್ಲೇ. "ಚಟ ಆಗುತ್ತೆ", "ಅದು ಕೊಟ್ಟರೆ ಮುಗೀತು" ಅಂತ ನೆಂಟರು ಹೇಳುತ್ತಾರೆ. ನೋವಿಗೆ ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಕೊಟ್ಟರೆ ಹಾಗೇನೂ ಆಗುವುದಿಲ್ಲ. ಸಾಮಾನ್ಯ ಮಾತ್ರೆಯ ಪರಿಣಾಮ ನಾಲ್ಕು ಗಂಟೆ ಇರುತ್ತದೆ, ಅದಕ್ಕೇ ಗಡಿಯಾರ ನೋಡಿ ಕೊಡಬೇಕು. ನೋವು ಬರಲಿ ಎಂದು ಕಾಯಬಾರದು. ಮೊದಲ ಕೆಲವು ದಿನ ಮಂಪರು ಇರುತ್ತದೆ, ಆಮೇಲೆ ಕಡಿಮೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ತೆಗೆದುಕೊಳ್ಳಿ. ಮಾರ್ಫಿನ್ ಎಲ್ಲ ಮೆಡಿಕಲ್‌ನಲ್ಲಿ ಸಿಗುವುದಿಲ್ಲ. 2014ರಲ್ಲಿ ಮಾದಕವಸ್ತು ಕಾನೂನು ತಿದ್ದಿ ಸಡಿಲ ಮಾಡಿದ್ದಾರೆ, ಆದರೂ ಮಾನ್ಯತೆ ಇರುವ ಆಸ್ಪತ್ರೆ, ಕೇಂದ್ರಗಳೇ ಗತಿ. ಹಾಗಾಗಿ ಶುಕ್ರವಾರ ಮಾತ್ರೆ ಎಣಿಸಿ. ಭಾನುವಾರ ಖಾಲಿಯಾದರೆ ಪೇಚಾಟ. ಹಠಾತ್ತಾಗಿ ನಿಲ್ಲಿಸಲೂ ಬಾರದು.

ಊಟದ ವಿಷಯ. ಒಂದು ದಿನ ಅಪ್ಪ ಬೇಡ ಅನ್ನುತ್ತಾರೆ. ಗಂಜಿ ಬೇಡ, ಎಳನೀರು ಬೇಡ. ನಮ್ಮ ಜನಕ್ಕೆ ಇದು ತಡೆಯುವುದಿಲ್ಲ, "ಉಪವಾಸ ಕೆಡವಿ ಸಾಯಿಸ್ತಿದ್ದೀರಾ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ತಿನ್ನದಿರುವುದರಿಂದ ಸಾಯುತ್ತಿಲ್ಲ, ದೇಹ ಮುಗಿಯುತ್ತಿರುವುದರಿಂದ ತಿನ್ನುತ್ತಿಲ್ಲ. ಬಲವಂತವಾಗಿ ಹಾಕಿದರೆ ಶ್ವಾಸಕೋಶಕ್ಕೆ ಹೋಗಬಹುದು. ಒದ್ದೆ ಬಟ್ಟೆಯಿಂದ ಬಾಯಿ, ತುಟಿ ಒರೆಸಿ, ತುಟಿಗೆ ಸ್ವಲ್ಪ ತುಪ್ಪ ಸವರಿ. ಕೊನೆಗೆ ತೀರ್ಥವೂ ಅಷ್ಟೇ, ಚಮಚ ಬೇಡ, ಹನಿ ಸಾಕು.

ಭಾಷೆಯದ್ದೂ ಒಂದು ತಮಾಷೆ ಇದೆ, ಆ ಹೊತ್ತಿಗೆ ತಮಾಷೆ ಅನಿಸಿರಲಿಲ್ಲ. ಒಬ್ಬ ಅಜ್ಜಿ "ಸಂಕಟ, ಸಂಕಟ" ಅನ್ನುತ್ತಿದ್ದರು. ಜೊತೆಯ ಮರಾಠಿ ನರ್ಸ್ ಏನೋ ಆಪತ್ತು ಬಂದಿದೆ ಎಂದು ದೇವರ ಫೋಟೋ ತಂದು ಪಕ್ಕದಲ್ಲಿಟ್ಟಳು. ಅಜ್ಜಿಗೆ ಬೇಕಿದ್ದದ್ದು ವಾಂತಿಯ ಮಾತ್ರೆ. ಸಂಕಟ, ಉರಿ, ಸೆಳೆತ, ಉಬ್ಬಸ, ಈ ನಾಲ್ಕು ಮಾತಿಗೆ ಮರಾಠಿ ಅರ್ಥ ಬರೆದು ಮಂಚದ ತಲೆದೆಸೆಗೆ ಅಂಟಿಸಿ.

ಪುಣೆ, ಕೋಥರೂಡ್‌ನಿಂದ:

ಪುಣೆಯವರು ಯಾರಾದರೂ ಓದುತ್ತಿದ್ದರೆ: ವಾರ್ಜೆಯಲ್ಲಿ ಔಷಧಿ ಕಂಪನಿ ಸಿಪ್ಲಾದವರ ಪ್ಯಾಲಿಯೇಟಿವ್ ಕೇಂದ್ರ ಇದೆ, 1997ರಿಂದ. ದುಡ್ಡು ಕೇಳುವುದಿಲ್ಲ. ರೋಗಿಯ ಜೊತೆ ಮನೆಯವರೊಬ್ಬರು ಇರಬೇಕು. ನಮ್ಮ ಯಜಮಾನರನ್ನು ಹತ್ತು ದಿನ ಅಲ್ಲಿಟ್ಟು ನೋವು ಹತೋಟಿಗೆ ಬಂದ ಮೇಲೆ ಮನೆಗೆ ತಂದೆವು. ಡ್ರೆಸ್ಸಿಂಗ್ ಮಾಡಲು ನಾನು ಕಲಿತದ್ದು ಅಲ್ಲೇ. ನೇರವಾಗಿ ಮನೆಗೆ ತಂದಿದ್ದರೆ ನನ್ನ ಕೈಲಿ ಖಂಡಿತ ಆಗುತ್ತಿರಲಿಲ್ಲ.

ಮಡಗಾಂವ್‌ನಿಂದ:

ಗೋವಾದವರಿಗೆ ಲೌಟೋಲಿಯಲ್ಲಿ ಶಾಂತಿ ಅವೇದ್ನಾದ ಶಾಖೆ ಇದೆ.

ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮನೆಯಲ್ಲಿ ಹೋದರೆ ಸಾವಿನ ಸರ್ಟಿಫಿಕೇಟ್ ಕೊಡುವವರು ಯಾರು? ಮಾವ ಬೆಳಗಿನ ಜಾವ ಮೂರಕ್ಕೆ ಹೋದರು. ಹತ್ತಿರದ ಡಾಕ್ಟರ್ "ನಾನು ಪೇಶಂಟನ್ನು ನೋಡೇ ಇಲ್ಲ, ಸಹಿ ಹಾಕಲ್ಲ" ಎಂದರು. ಅವರದ್ದೂ ತಪ್ಪಲ್ಲ. ಒಂಬತ್ತು ಗಂಟೆವರೆಗೆ ಅಲೆದೆವು, ಇತ್ತ ಊರಿಂದ ಜನ ಬಂದು ಕೂತಿದ್ದರು. ಆಸ್ಪತ್ರೆ ಹೊರಗಿನ ಸಾವಿಗೆ ಡಾಕ್ಟರ್ ತುಂಬುವುದು ಫಾರಂ 4ಎ. ಟೀಮ್‌ನ ಡಾಕ್ಟರೋ ಫ್ಯಾಮಿಲಿ ಡಾಕ್ಟರೋ, ಯಾರು ಬರೆದುಕೊಡುತ್ತಾರೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಫ್ಯಾಮಿಲಿ ಡಾಕ್ಟರ್ ಆದರೆ ಅವರು ಆಗಾಗ ಬಂದು ನೋಡುವಂತೆ ಮಾಡಿ. ನೋಂದಣಿಗೆ 21 ದಿನ ಟೈಮಿದೆ, ಅದರ ಆತುರವಿಲ್ಲ.

ಕೇಳಿದವರು, ಮುಲುಂಡ್:

ಎಲ್ಲರಿಗೂ ನಮಸ್ಕಾರ. ಫಾರಂ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಆದರೆ ಬೇಕಿತ್ತು. ಇನ್ನೆರಡು ಪ್ರಶ್ನೆ. ರಾತ್ರಿ ಏನಾದರೂ ಆದರೆ 108ಕ್ಕೆ ಫೋನ್ ಮಾಡಬೇಕಾ, ಬೇಡವಾ? ಅಮ್ಮನಿಗೆ ಹೇಗೆ ಹೇಳುವುದು?

ಡೊಂಬಿವಲಿಯಿಂದ:

ರಾತ್ರಿ ಎರಡು ಗಂಟೆಗೆ ಯೋಚನೆ ಮಾಡಲು ಆಗುವುದಿಲ್ಲ. ಈಗಲೇ ಒಂದು ಹಾಳೆ ಬರೆದು ಫ್ರಿಜ್‌ಗೆ ಅಂಟಿಸಿ. ನೋವು ಜಾಸ್ತಿಯಾದರೆ ಯಾವ ಮಾತ್ರೆ, ಎಷ್ಟು. ಉಬ್ಬಸ ಬಂದರೆ ಏನು. ಟೀಮ್‌ನ ಯಾವ ನಂಬರಿಗೆ ಮೊದಲು. ಎಲ್ಲವನ್ನೂ ಡಾಕ್ಟರ್ ಕೈಲೇ ಬರೆಸಿ. 108 ಬಂದರೆ ಆಸ್ಪತ್ರೆಗೇ ಒಯ್ಯುತ್ತಾರೆ, ಅದು ಅವರ ಕೆಲಸ. ಅಲ್ಲಿ ಕ್ಯಾಶುವಲ್ಟಿ, ನಳಿಗೆ, ಐಸಿಯು. ಅಪ್ಪನಿಗೆ ಅದು ಬೇಡವಾದರೆ 108 ಬೇಡ.

ನಮ್ಮಲ್ಲಿ ಹಾಳೆ ಇತ್ತು. ಆದರೂ ಮೇಲುಸಿರು ಶುರುವಾಗಿ ಗಂಟಲಲ್ಲಿ ಗೊರಗೊರ ಬಂದಾಗ ತಮ್ಮ ಫೋನ್ ಎತ್ತಿಕೊಂಡಿದ್ದ. ನಾನು ಹಾಳೆ ತೋರಿಸಿದೆ. ಮಗ್ಗುಲಾಗಿ ಮಲಗಿಸಿ, ನಾಲಿಗೆ ಕೆಳಗೆ ಡಾಕ್ಟರ್ ಕೊಟ್ಟ ಔಷಧಿಯ ಹನಿ ಹಾಕಿ, ಎಂದಿತ್ತು. ಹಾಗೇ ಮಾಡಿದೆವು. ಸದ್ದು ಪೂರ್ತಿ ನಿಲ್ಲಲಿಲ್ಲ. ಅಮ್ಮನಿಗೆ ಅದರಿಂದ ತೊಂದರೆ ಆಗ್ತಿಲ್ಲ, ಕೇಳುವ ನಿಮಗೆ ಮಾತ್ರ ಎಂದು ನರ್ಸ್ ಮೊದಲೇ ಹೇಳಿದ್ದರು. ಆ ಮಾತು ಹಿಡಿದುಕೊಂಡು ಬೆಳಗಿನವರೆಗೆ ಕೂತೆವು.

ಅಪ್ಪನಿಗೆ ಈಗ ಪ್ರಜ್ಞೆ ಚೆನ್ನಾಗಿದ್ದರೆ ಏನು ಬೇಕು, ಏನು ಬೇಡ ಎಂದು ಅವರನ್ನೇ ಕೇಳಿ. ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿದೆ. 2023ರಲ್ಲಿ ಇನ್ನೂ ಸುಲಭ ಮಾಡಿತು, ಇಬ್ಬರು ಸಾಕ್ಷಿ, ನೋಟರಿ ಸಾಕು. ನಾವು ಬರೆಸಲಿಲ್ಲ. ಅಮ್ಮ ಬಾಯಲ್ಲೇ ಹೇಳಿದ್ದರು, ಆಮೇಲೆ ಊರಿಂದ ಬಂದ ಸೋದರಮಾವ ಅದನ್ನು ಒಪ್ಪದೆ ಎರಡು ದಿನ ಜಗಳವಾಡಿದರು.

ಇನ್ನು ನಿಮ್ಮ ಅಮ್ಮ. ಐವತ್ತು ವರ್ಷ ಜೊತೆಗಿದ್ದವರಿಗೆ ಗೊತ್ತಾಗಿಲ್ಲ ಅಂದುಕೊಂಡಿದ್ದೀರಾ? ಸುಮ್ನೆ ಪಕ್ಕದಲ್ಲಿ ಕೂತು "ಡಾಕ್ಟರ್ ಏನಂದರು ಅಂತ ನಿನಗೆ ಏನನಿಸುತ್ತೆ" ಎಂದು ಕೇಳಿ.

ಕೇಳಿದವರು, ಮುಲುಂಡ್:

ನಿನ್ನೆ ಕೇಳಿದೆ. ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದರು. ಕೈ ನಿಲ್ಲಿಸದೆ "ನೀನು ಯಾವಾಗ ಹೇಳ್ತೀಯ ಅಂತ ನೋಡ್ತಿದ್ದೆ" ಅಂದರು. ಆಮೇಲೆ ಮಂಚ ಕಿಟಕಿ ಕಡೆಗಿರಲಿ, ಅವರಿಗೆ ರೈಲಿನ ಸದ್ದು ಬೇಕು ಅಂದರು.

ಗುರುವಾರ ಡಿಸ್ಚಾರ್ಜ್. ಟೀಮ್ ಶುಕ್ರವಾರ ಬರುತ್ತದೆ, ಹಾಳೆ ಬರೆಸುತ್ತೇನೆ. ಮಗ ಈಗ ಟೇಪ್ ಹಿಡಿದುಕೊಂಡು ಲಿಫ್ಟ್ ಅಳೆಯಲು ಹೋಗಿದ್ದಾನೆ.