ಸಹಾಯ ಬೇಕು: ವೃದ್ಧಾಶ್ರಮದಲ್ಲಿ ಅಮ್ಮ ಬಿದ್ದರೆ ನಮಗೆ ಯಾರೂ ಹೇಳ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಮ್ಮ ಮೈಸೂರಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಮರೆವಿನ ಕಾಯಿಲೆ, ಬಿದ್ದರೂ ಅವರಿಗೆ ಹೇಳೋಕೆ ಬರಲ್ಲ. ಭಾನುವಾರ ತಲೆ ಬಾಚುವಾಗ ಕಿವಿ ಹಿಂದೆ ಬಾವು ಕೈಗೆ ಸಿಕ್ಕಿತು. ಮೊಣಕೈ ಮೇಲೆ ಕಪ್ಪುಗಟ್ಟಿದ ಜಾಗ ಆಗಲೇ ಹಳದಿಗೆ ತಿರುಗಿತ್ತು, ಅಂದರೆ ಹೊಸ ಪೆಟ್ಟಲ್ಲ. ಹಗಲಿನ ಆಯಾಗೆ ವಿಷಯವೇ ಗೊತ್ತಿಲ್ಲ. ರಾತ್ರಿ ಪಾಳಿಯವರು, "ಬಾತ್‌ರೂಮ್ ಹತ್ರ ಜಾರಿದ್ರು, ಸಿಸ್ಟರ್‌ಗೆ ಹೇಳಿದ್ವಲ್ಲ" ಅಂದರು. ಸಿಸ್ಟರ್ ಪುಸ್ತಕದಲ್ಲಿ ಬಿಪಿ, ಶುಗರ್, ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ.

ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರೆ. ಇಂಥವರಿಗೆ ತಲೆಗೆ ಪೆಟ್ಟಾದರೆ ಒಳಗಿನ ರಕ್ತಸ್ರಾವ ತಡವಾಗಿಯೂ ಕಾಣಿಸಿಕೊಳ್ಳಬಹುದು. ಸ್ಕ್ಯಾನ್ ಮಾಡಿಸಿದೆವು, ದೇವರ ದಯೆ, ಏನೂ ಇಲ್ಲ. ಆಯಾಗಳ ಮೇಲೆ ನನಗೆ ಕೋಪವಿಲ್ಲ. ಬಾಯಿ ಬಿಟ್ಟರೆ ತಮ್ಮ ಮೇಲೇ ಬರುತ್ತೆ ಅನ್ನೋ ಭಯ ಅವರ ಮುಖದಲ್ಲೇ ಕಾಣ್ತಿತ್ತು.

ಪಾಳಿ ಬದಲಾಗುವಾಗ ತುಂಬುವಂಥ ಒಂದು ಪುಟದ ಕನ್ನಡ ನಮೂನೆ ಯಾರ ಹತ್ತಿರವಾದರೂ ಇದೆಯಾ? ಎಷ್ಟೊತ್ತಿಗೆ, ಎಲ್ಲಿ, ತಲೆಗೆ ತಾಗಿತಾ, ಯಾರು ನೋಡಿದರು, ಮನೆಗೆ ಫೋನ್ ಮಾಡಿದ್ದು ಯಾರು, ಇಷ್ಟಿದ್ದರೆ ಸಾಕು. ಹಿರಿಯರ ಸಹಾಯವಾಣಿ 14567ಕ್ಕೆ ಇಂಥದ್ದಕ್ಕೆ ಕರೆ ಮಾಡಿದವರಿದ್ದರೆ ಏನಾಯಿತು ಅಂತಲೂ ತಿಳಿಸಿ. ದೂರಿಗಿಂತ ಮೊದಲು ಕೂತು ಮಾತಾಡೋಣ ಅಂತಿದ್ದೀನಿ. ಬುಧವಾರ ಮ್ಯಾನೇಜರ್ ಸಿಗ್ತಾರೆ, ಅಷ್ಟರೊಳಗೆ ಹೇಳಿದರೆ ದೊಡ್ಡ ಉಪಕಾರ.