ಪದಚರ್ಚೆ: ‘ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್’ಗೆ ‘ಸಾಟಿಸುರುಳಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸಿಕ್ಕಿದೆ ಅಂತಲೂ ಅನಿಸುತ್ತಿದೆ. ಆದರೆ ಒಬ್ಬನೇ ಕೂತು ಕಟ್ಟಿದ ಪದ ಅದು. ನೀವು ನಾಲ್ಕು ಜನ ಬಾಯಲ್ಲಿ ಆಡಿಸಿ ನೋಡದೆ ಅದನ್ನು ಬರಹಕ್ಕೆ ಹಾಕಲು ಧೈರ್ಯ ಬರುತ್ತಿಲ್ಲ.

ಕಲಬುರಗಿಯಲ್ಲಿ ನಾವು ನಾಲ್ಕೈದು ಮಂದಿ ಎಲ್‌ಪಿ ರೆಕಾರ್ಡ್ ಕೇಳುವ ಹುಚ್ಚಿನವರಿದ್ದೇವೆ. ರೆಕಾರ್ಡಿಗೆ ನಮ್ಮ ಮನೆಯ ಹಿರಿಯರು ‘ಪ್ಲೇಟು’ ಅನ್ನುತ್ತಿದ್ದರು, ನನಗೂ ಅದೇ ರೂಢಿ. ಭಾನುವಾರ ಒಬ್ಬ ಗೆಳೆಯರ ಮನೆಯಲ್ಲಿ ಸೇರುತ್ತೇವೆ. ಅವರ ಟರ್ನ್‌ಟೇಬಲ್ ಕೂತಿರುವುದು ದಪ್ಪನೆಯ ಶಹಾಬಾದ್ ಪರಸಿಯ ಮೇಲೆ. ಪಕ್ಕದಲ್ಲಿ ಕುಣಿದರೂ ಮುಳ್ಳು ಜಿಗಿಯುವುದಿಲ್ಲ. ಈ ಬೇಸಿಗೆಯಲ್ಲಿ ಅವರ ಬಳಿ ಮೂರು ಬಗೆಯ ಹಳೆಯ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಕೂಡಿಬಂದವು: ಜಪಾನಿನ ಡೆನಾನ್ ಎಯು-320, ಡೆನ್ಮಾರ್ಕಿನ ಆರ್ಟೊಫಾನ್ ಟಿ-20, ಮತ್ತೆ ಅಮೆರಿಕದ ಆಲ್ಟೆಕ್ 4722 ಎರಡು. ಕೊನೆಯದು ಮೂಲದಲ್ಲಿ ಮೈಕ್ರೊಫೋನಿಗಾಗಿ ಮಾಡಿದ್ದು. ಅದಕ್ಕೆ ಡಬ್ಬಿ ನಾವೇ ಮಾಡಿದೆವು. ಮೂರನ್ನೂ ಹೋಲಿಸಿ ನೋಡಿದ್ದನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡುತ್ತೇನೆ ಅಂತ ನಾನು ಒಪ್ಪಿಕೊಂಡೆ. ತಲೆಬರಹದಲ್ಲೇ ಸಿಕ್ಕಿಬಿದ್ದೆ.

ಈ ಸಾಮಾನು ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳಿನ ಹಿಂದೆ ಒಂದು ಚಿಕ್ಕ ಕಾರ್ಟ್ರಿಜ್ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಅಯಸ್ಕಾಂತ ಅಲುಗುತ್ತದೆ, ತಂತಿ ಸುಮ್ನೆ ಕೂತಿರುತ್ತದೆ. ಅಂಥದ್ದು 3ರಿಂದ 5 ಮಿಲಿವೋಲ್ಟ್ ಕೊಡುತ್ತದೆ. ಇನ್ನೊಂದು ಜಾತಿಯಲ್ಲಿ ಅಯಸ್ಕಾಂತ ಕೂತಿರುತ್ತದೆ, ಕೂದಲೆಳೆಯಂಥ ತಂತಿಯ ಸುರುಳಿ ಅಲುಗುತ್ತದೆ. ಸುರುಳಿ ಹಗುರವಾಗಿರಬೇಕು, ಹಾಗಾಗಿ ಸುತ್ತು ಕಡಿಮೆ. ಸುತ್ತು ಕಡಿಮೆ ಆದ್ದರಿಂದ ವೋಲ್ಟೇಜೂ ಕಡಿಮೆ. ಡೆನಾನ್ ಡಿಎಲ್-103 ಅನ್ನುವ ಇಂಥ ಕಾರ್ಟ್ರಿಜ್ ಕೊಡುವುದು 0.3 ಮಿಲಿವೋಲ್ಟ್. 1959ರ ಆರ್ಟೊಫಾನ್ ಎಸ್‌ಪಿಯು ಇನ್ನೂ ಕಡಿಮೆ, 0.2ರ ಆಸುಪಾಸು. ಆಂಪ್ಲಿಫೈಯರಿಗೆ ಇದು ಸಾಲುವುದಿಲ್ಲ. ನಡುವೆ ಅಡಿಕೆ ಡಬ್ಬಿಯಷ್ಟು ದೊಡ್ಡದಾದ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಅದಕ್ಕೆ ಕರೆಂಟ್ ಪ್ಲಗ್ ಇಲ್ಲ, ಬಲ್ಬ್ ಇಲ್ಲ, ಏನೂ ಇಲ್ಲ. ಎರಡು ಸುರುಳಿ, ನಡುವೆ ನಿಕ್ಕಲ್-ಕಬ್ಬಿಣದ ಮಿಶ್ರಲೋಹದ ತಿರುಳು, ಅಷ್ಟೇ.

ಮೊದಲು ‘ಪರಿವರ್ತಕ’ ಅಂತ ಬರೆದೆ. ಪತ್ರಿಕೆಗಳಲ್ಲಿ ಇರುವ ಪದ ಅದೇ ಅಲ್ವಾ. ಆದರೆ ಪರಿವರ್ತಕ ಅಂದ ಕೂಡಲೇ ಕಣ್ಣಿಗೆ ಬರುವುದು ಹೊಲದ ಬದುವಿನಲ್ಲಿ ಎರಡು ಕಂಬದ ನಡುವೆ ಕೂತ ಟಿಸಿ. ಪಕ್ಕದ ಮನೆಯವರಿಗೆ ‘ಗೆಳೆಯರ ಮನೆಗೆ ಹಳೇ ಟ್ರಾನ್ಸ್‌ಫಾರ್ಮರ್ ಬಂದದ’ ಅಂದೆ. ಅವರು ಚಹಾದ ಕಪ್ಪು ಕೆಳಗಿಟ್ಟು, ‘ಎಷ್ಟರದ್ರಿ? ಇಪ್ಪತ್ತೈದರದಾ, ಅರವತ್ಮೂರರದಾ?’ ಅಂತ ಕೇಳಿದರು. ಅವರು ಕೇಳಿದ್ದು ಕೆವಿಎ ಲೆಕ್ಕ, ಅಂದರೆ ಕಂಬದ ಟಿಸಿಯ ಸಾಮರ್ಥ್ಯ. ನನ್ನ ಜೇಬಿನಲ್ಲೇ ಒಂದು ಇತ್ತು, ತೆಗೆದು ತೋರಿಸಿದೆ. ಬಹಳ ಹೊತ್ತು ನಕ್ಕರು.

ಮುಂದಿನದು ‘ಸ್ಟೆಪ್ ಅಪ್’. ‘ಏರಿಕೆ ಪರಿವರ್ತಕ’ ಅನ್ನಬಹುದು, ‘ಆರೋಹಿ’ ಅನ್ನಬಹುದು. ಆರೋಹಿ ಕೇಳಲು ಚಂದ. ಆದರೆ ಹಾಡು ಕೇಳುವವರಿಗಾಗಿ ಬರೆಯುವ ಪುಟದಲ್ಲಿ ಆರೋಹ ಅಂದರೆ ಸ-ರಿ-ಗ-ಮ ಏರುವುದು. ‘ಆರೋಹಿ ಪರಿವರ್ತಕ’ ಅಂತ ಓದಿದವನು, ಇದು ಹಾರ್ಮೋನಿಯಂನ ಕಾಳಿ ಎರಡನ್ನು ಕಾಳಿ ನಾಲ್ಕಕ್ಕೆ ಏರಿಸುವ ಯಂತ್ರವೇನೋ ಅಂದುಕೊಂಡರೆ ತಪ್ಪು ಅವನದ್ದಲ್ಲ.

ಇದಕ್ಕಿಂತ ದೊಡ್ಡ ತಕರಾರು ‘ಏರಿಸು’ ಅನ್ನುವ ಅರ್ಥದ ಮೇಲೇ ಇದೆ. ಲೆಕ್ಕ ನೋಡಿ. ಡಿಎಲ್-103ರ ಒಳಗಿನ ತಡೆ 40 ಓಮ್. ಆಂಪ್ಲಿಫೈಯರಿನ ಬಾಯಲ್ಲಿ ಇರುವುದು 47,000 ಓಮ್. ನಡುವೆ 1ಕ್ಕೆ 10 ಸುತ್ತಿನ ಟ್ರಾನ್ಸ್‌ಫಾರ್ಮರ್ ಇಟ್ಟರೆ ಕಾರ್ಟ್ರಿಜ್‌ಗೆ ಕಾಣುವುದು 47,000 ಅಲ್ಲ, ಅದನ್ನು ಹತ್ತರ ವರ್ಗದಿಂದ ಭಾಗಿಸಿದಷ್ಟು, ಅಂದರೆ 470 ಓಮ್. ಆಗ 0.3 ಮಿಲಿವೋಲ್ಟ್ ಹೋಗಿ ಸುಮಾರು 2.8 ಆಗುತ್ತದೆ. ಸುತ್ತು ದುಪ್ಪಟ್ಟು ಮಾಡಿ 1ಕ್ಕೆ 20 ಇಟ್ಟರೆ? 5.6 ಬರಬೇಕಿತ್ತು. ಬರುವುದು 4.5. ಯಾಕೆಂದರೆ ಕಾರ್ಟ್ರಿಜ್‌ಗೆ ಈಗ ಕಾಣುವುದು ಬರೀ 117 ಓಮ್, ಅದರ ಕಾಲು ಭಾಗ ದಮ್ಮು ತನ್ನೊಳಗೇ ಖರ್ಚಾಗಲು ಶುರುವಾಗಿದೆ. 1ಕ್ಕೆ 30 ಇಟ್ಟರೆ 5.1. 34ರ ಹತ್ತಿರ ನೆತ್ತಿ ಮುಟ್ಟಿತು. ಅಲ್ಲಿಂದ ಮುಂದೆ 40 ಸುತ್ತಿಗೆ ಹೋದರೆ ವೋಲ್ಟೇಜು ಇಳಿಯುತ್ತದೆ! ಟ್ರಾನ್ಸ್‌ಫಾರ್ಮರ್ ತಾನೇ ತಿನ್ನುವ ನಷ್ಟವನ್ನು ಇದರಲ್ಲಿ ಹಿಡಿದಿಲ್ಲ. ಏರಿಸಿದಷ್ಟೂ ಇಳಿಯುವ ಸಾಮಾನಿಗೆ ‘ಏರಿಕೆ’ ಅಂತ ಹೆಸರಿಡುವುದು ಹೇಗೆ?

ಪದ ಸಿಕ್ಕಿದ್ದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಸೂಪರ್ ಮಾರ್ಕೆಟ್ ಕಡೆ ಒಬ್ಬ ಚಾಚಾ ಇದ್ದಾರೆ. ಸುಟ್ಟ ಪಂಪ್‌ಸೆಟ್ಟಿನ ಮೋಟಾರು ಸುತ್ತುವುದು ಅವರ ಕೆಲಸ. ಆಲ್ಟೆಕ್‌ನ ಒಂದು ಕಾಲು ಸಡಿಲವಾಗಿತ್ತು, ತೋರಿಸಲು ಒಯ್ದಿದ್ದೆ. ಅವರು ರೂಢಿಯಂತೆ ಮೀಟರಿನ ಎರಡು ಮುಳ್ಳು ಹಚ್ಚಲು ಹೋದರು. ನಾನು ಓಡಿ ಕೈ ಹಿಡಿದೆ. ಓಮ್ ಮೀಟರು ಹರಿಸುವ ಚಿಕ್ಕ ಡಿಸಿ ಕರೆಂಟೇ ಈ ತಿರುಳನ್ನು ಅಯಸ್ಕಾಂತ ಮಾಡಿಬಿಡಬಹುದು. ಪಂಪಿನ ಮೋಟಾರಿಗೆ ಅದು ಲೆಕ್ಕಕ್ಕಿಲ್ಲ, ಇದಕ್ಕೆ ಲೆಕ್ಕ. ಚಾಚಾ ಬೇಜಾರು ಮಾಡಿಕೊಳ್ಳಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು: ‘ಇದೇನ್ ಹೊಸಾದಲ್ಲ ಸರ್. ನೂರರ ನೋಟ ಮುರಿಸಿದಂಗ. ಹತ್ತರದು ಹತ್ತು ಬರ್ತಾವ. ನೋಟ ಜಾಸ್ತಿ ಆದ್ವು ಅಂತ ರಕಂ ಜಾಸ್ತಿ ಆಗ್ತದೇನು?’

ನಾನು ಮೂರು ವಾರ ಒದ್ದಾಡಿದ್ದು ಇದಕ್ಕೇ. ವೋಲ್ಟೇಜು ಹತ್ತು ಪಟ್ಟು ಆಯಿತು, ಕರೆಂಟು ಹತ್ತನೇ ಒಂದು ಪಾಲಾಯಿತು. ಗುಣಿಸಿದರೆ ಅಷ್ಟಕ್ಕಷ್ಟೇ. ಇದು ಏರಿಕೆಯಲ್ಲ, ವಿನಿಮಯ. ‘ಚಿಲ್ಲರೆಸುರುಳಿ’ ಅಂತ ಒಂದು ಗಳಿಗೆ ಅನಿಸಿತು. ಗೆಳೆಯರಿಗೆ ಹೇಳಿದರೆ, ಇಷ್ಟು ದುಡ್ಡು ಸುರಿದು ತರಿಸಿದ್ದನ್ನು ಚಿಲ್ಲರೆ ಅಂತೀರಾ ಅಂತ ಮುನಿಸಿಕೊಂಡರು.

ಆಗ ನೆನಪಾದದ್ದು ‘ಸಾಟಿ’. ನಮ್ಮ ಅಜ್ಜಿ ಬಾಗಿಲಿಗೆ ಬಂದವರಿಗೆ ಒಂದು ಸೇರು ಜೋಳ ಹಾಕಿ ಉಪ್ಪು, ಮೆಣಸಿನಕಾಯಿ ತಗೊಳ್ಳುತ್ತಿದ್ದರು. ಕೈಗೆ ಕಾಸು ಹತ್ತುತ್ತಿರಲಿಲ್ಲ. ಅದು ಸಾಟಿ ವ್ಯಾಪಾರ. ಮಗ್ಗುಲ ಮರಾಠಿಯಲ್ಲಿ ‘ಸಾಟೇಲೋಟೇ’ ಅನ್ನುತ್ತಾರೆ, ಎರಡು ಮನೆಯವರು ಹೆಣ್ಣು ಕೊಟ್ಟು ಹೆಣ್ಣು ತರುವುದಕ್ಕೆ. ಇನ್ನೊಂದು ಕಡೆ ಸಾಟಿ ಅಂದರೆ ಸಮ, ಜೋಡಿ. ‘ಅವನಿಗೆ ಸಾಟಿಯಿಲ್ಲ’ ಅನ್ನುತ್ತೇವೆ. ಈ ಟ್ರಾನ್ಸ್‌ಫಾರ್ಮರ್ ಮಾಡುವುದು ಎರಡೂ ಕೆಲಸ. ಒಂದನ್ನು ಕೊಟ್ಟು ಒಂದನ್ನು ತರುತ್ತದೆ. 40 ಓಮ್‌ನ ಬಡಪಾಯಿ ಕಾರ್ಟ್ರಿಜ್‌ಗೂ 47,000 ಓಮ್‌ನ ಆಂಪ್ಲಿಫೈಯರಿಗೂ ಜೋಡಿ ಕೂಡಿಸುತ್ತದೆ. ಇಂಗ್ಲಿಷಿನಲ್ಲೂ ಇದಕ್ಕೆ ‘ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್’ ಅನ್ನುವ ಇನ್ನೊಂದು ಹೆಸರಿದೆ. ಒಂದೇ ಪದದಲ್ಲಿ ಕೊಡು-ಕೊಳ್ಳುವುದೂ ಬಂತು, ಜೋಡಿಯೂ ಬಂತು. ಹೀಗಾಗಿ ‘ಸಾಟಿಸುರುಳಿ’.

ಬೇರೆ ನುಡಿಯವರು ಏನು ಮಾಡಿದ್ದಾರೆ ಅಂತಲೂ ನೋಡಿದೆ. ಜಪಾನಿಯರು ‘ಶೋಆತ್ಸು ಟೊರಾನ್ಸು’ ಅನ್ನುತ್ತಾರೆ, ಅಂದರೆ ಒತ್ತಡ ಏರಿಸುವ ಟ್ರಾನ್ಸ್. ಅದು ನಮ್ಮ ‘ಏರಿಕೆ’ಯ ಅಣ್ಣ. ಜರ್ಮನರು ನನಗೆ ಹಿಡಿಸಿದರು. ಕಂಬದ ಮೇಲಿನದಕ್ಕೆ ಟ್ರಾನ್ಸ್‌ಫೊರ್ಮಾಟೊರ್, ದನಿಯ ಸಂಕೇತ ಸಾಗಿಸುವ ಚಿಕ್ಕದಕ್ಕೆ ‘ಊಬರ್‌ಟ್ರಾಗರ್’, ದಾಟಿಸುವವ. ಎರಡು ಕೆಲಸಕ್ಕೆ ಎರಡು ಪದ. ಹಳೆಯ ಟೆಲಿಫೋನ್ ಎಂಜಿನಿಯರುಗಳೂ ತಮ್ಮ ತಂತಿಯ ಟ್ರಾನ್ಸ್‌ಫಾರ್ಮರಿಗೆ ‘ರಿಪೀಟಿಂಗ್ ಕಾಯಿಲ್’ ಅನ್ನುತ್ತಿದ್ದರು. ‘ಟ್ರಾನ್ಸ್‌ಫಾರ್ಮರ್’ ಅನ್ನುವ ಪದವೇ 1885ರ ಸುಮಾರಿಗೆ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಎಂಜಿನಿಯರುಗಳ ಕಾಲದಲ್ಲಿ ಚಲಾವಣೆಗೆ ಬಂದದ್ದು. ಅದಕ್ಕೂ ಮುಂಚೆ ಗೊಲಾರ್ ಮತ್ತು ಗಿಬ್ಸ್ ತಮ್ಮದನ್ನು ‘ಸೆಕೆಂಡರಿ ಜನರೇಟರ್’ ಅಂತ ಕರೆದಿದ್ದರು. ಅವರೇ ಹೆಸರು ಬದಲಿಸಿಕೊಂಡು ಬಂದಿರುವಾಗ ನಾವು ಒಂದು ಪ್ರಯತ್ನ ಮಾಡಿದರೆ ಯಾರೂ ಬೈಯಲಾರರು.

ಸಾಟಿ ಒಪ್ಪಿದರೆ ಉಳಿದ ಗಂಟುಗಳೂ ಸುಲಭ ಬಿಚ್ಚುತ್ತವೆ. ‘ಪ್ರಾಥಮಿಕ ಸುರುಳಿ, ದ್ವಿತೀಯಕ ಸುರುಳಿ’ ನನಗೆ ಯಾವತ್ತೂ ಶಾಲೆಯ ಬೋರ್ಡಿನಂತೆ ಕೇಳುತ್ತದೆ. ಅದರ ಬದಲು ‘ಕೊಡುಸುತ್ತು, ಪಡೆಸುತ್ತು’ ಅನ್ನಬಹುದು. ‘ಟರ್ನ್ಸ್ ರೇಶಿಯೊ’ಗೆ ಪದವೇ ಬೇಡ. ‘ಒಂದಕ್ಕೆ ಹತ್ತು’ ಸಾಕು. ಒಂದಕ್ಕೆ ಹತ್ತು ಸೇರಿಸಿ ಹೇಳುವವರನ್ನು ಕಂಡಿದ್ದೇವೆ, ಪದ ಹೊಸದಲ್ಲ.

ಗಟ್ಟಿ ಗಂಟು ‘ಲೋಡ್’. ಇದರಲ್ಲಿ ನಮ್ಮ ಭಾನುವಾರದ ಗುಂಪಿನಲ್ಲೇ ಜಗಳ ಆಗಿದೆ. ಒಬ್ಬರು ‘100 ಓಮ್ ಲೋಡ್, 470 ಓಮ್ ಲೋಡ್’ ಅನ್ನುತ್ತಾರೆ. ಹೊಸಬ ಕೇಳಿದರೆ 470 ದೊಡ್ಡದು, ಹೊರೆ ಜಾಸ್ತಿ ಅಂದುಕೊಳ್ಳುತ್ತಾನೆ. ನಿಜ ಉಲ್ಟಾ. ಓಮ್ ಕಡಿಮೆಯಾದಷ್ಟೂ ಕಾರ್ಟ್ರಿಜ್ ಹೆಚ್ಚು ಎಳೆಯಬೇಕು. ಚಾಚಾನ ಅಂಗಡಿಯಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿ ‘ಲೋಡ್ ಜಾಸ್ತಿ’ ಅಂದರೆ ಮೋಟಾರು ಜಾಸ್ತಿ ಕರೆಂಟು ಎಳೆಯುತ್ತಿದೆ ಅಂತಲೇ ಅರ್ಥ. ನಾನು ‘ಹೊರೆ’ ಅಂತ ಬರೆದು, ಓಮ್ ಸಂಖ್ಯೆಗೆ ಬೇರೆ ಪದ ಇಟ್ಟುಕೊಳ್ಳಬೇಕು ಅಂತ ಯೋಚಿಸಿದ್ದೇನೆ. ‘ಎದುರು 470 ಓಮ್ ಇದೆ, ಆದ್ದರಿಂದ ಹೊರೆ ಹಗುರ’ ಅಂತ ಬರೆದರೆ ಓದುವವರಿಗೆ ತೊಡಕಾಗುವುದಿಲ್ಲ ಅಂದುಕೊಂಡಿದ್ದೇನೆ. ಈ ‘ಎದುರು’ ನಿಮಗೆ ಹೇಗೆ ಕೇಳುತ್ತದೆ?

ನಮ್ಮ ಹೋಲಿಕೆಯ ಫಲವನ್ನೂ ಈ ಪದಗಳಲ್ಲೇ ಬರೆದು ನೋಡಿದೆ. ಡಿಎಲ್-103ಕ್ಕೆ ಎಯು-320ರ ಗುಂಡಿಯನ್ನು 40 ಓಮ್‌ಗೆ ತಿರುಗಿಸಿದಾಗ ಸಾಟಿ ಕೂಡಿತು, ತಬಲಾದ ಬಾಯಾಂ ತುಂಬಿ ಬಂತು. ಅದೇ ಕಾರ್ಟ್ರಿಜ್‌ ಅನ್ನು ಟಿ-20ಕ್ಕೆ ಕೊಟ್ಟಾಗ ಹೊರೆ ಜಾಸ್ತಿಯಾಗಿ ಹಾಡು ಸಪ್ಪೆಯಾಯಿತು. ತಪ್ಪು ಟಿ-20ಯದ್ದಲ್ಲ, ಅದು ಎಸ್‌ಪಿಯುನಂಥ 2 ಓಮ್ ಆಸುಪಾಸಿನವಕ್ಕೆ ಮಾಡಿದ್ದು. ನಾವೇ ಹೊಂದದ ಮನೆಗೆ ಹೆಣ್ಣು ಕೊಟ್ಟಿದ್ದೆವು. ಆಲ್ಟೆಕ್‌ನ ದನಿಗೆ ಮೈ ಇತ್ತು, ಆದರೆ ನಮ್ಮ ಡಬ್ಬಿ ಆಂಪ್ಲಿಫೈಯರಿನ ಪಕ್ಕದಲ್ಲೇ ಇದ್ದುದರಿಂದ 50 ಹರ್ಟ್ಸಿನ ಗುಂಯ್ ಹಿಡಿಯಿತು. ಎರಡು ಗೇಣು ದೂರ ಸರಿಸಿ, ಸ್ವಲ್ಪ ಓರೆ ತಿರುಗಿಸಿದ ಮೇಲೆ ನಿಂತಿತು. ಈ ‘ಹಮ್ಮಿಂಗ್’ಗೆ ಯಾರೋ ‘ಝೇಂಕಾರ’ ಸೂಚಿಸಿದ್ದರು. ಬೇಡ. ಝೇಂಕಾರ ತಂಬೂರಿಗೆ ಇರಲಿ, ದುಂಬಿಗೆ ಇರಲಿ. ಇದು ಬರೀ ಗುಂಯ್.

‘ವಿಂಟೇಜ್’ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮಲ್ಲಿ ‘ಹಳೇ ಜಮಾನಾದ ಅಸಲಿ ಮಾಲು’ ಅಂದರೆ ಮುಗಿಯಿತು.

‘ಮೂವಿಂಗ್ ಕಾಯಿಲ್’ಗೆ ಭೌತಶಾಸ್ತ್ರದ ಪಾಠದ ‘ಚಲಿಸುವ ಸುರುಳಿ’ ಇದೆ. ಆದರೆ ಚಲಿಸುವುದು ಅಂದರೆ ಎಲ್ಲಿಗೋ ಹೊರಟಂತೆ. ಈ ಸುರುಳಿ ಇದ್ದಲ್ಲೇ ಅಲುಗುತ್ತದೆ. ‘ಅಲುಗುಸುರುಳಿ’ ಅಂದರೆ ಹೇಗೆ? ಇನ್ನೊಂದು ಜಾತಿಗೆ ‘ಅಲುಗುಕಾಂತ’. ‘ಅಲುಗು’ ಅಂದರೆ ಕತ್ತಿಯ ಅಲಗು ಅಂತ ಯಾರಾದರೂ ಓದಿಬಿಡುತ್ತಾರಾ ಅನ್ನುವ ಅಳುಕು ಒಂದೇ.

ಈಗ ಕೇಳಬೇಕಾದ್ದು. ಬೀದರ್, ಯಾದಗಿರಿ ಕಡೆಯವರು ಇದ್ದರೆ ಹೇಳಿ: ‘ಸಾಟಿ’ ವಿನಿಮಯದ ಅರ್ಥದಲ್ಲಿ ನಿಮ್ಮ ಹಳ್ಳಿಗಳಲ್ಲಿ ಇನ್ನೂ ಬಾಯಲ್ಲಿದೆಯಾ? ಹೆಣ್ಣು ಕೊಟ್ಟು ಹೆಣ್ಣು ತರುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ವಿನಿಮಯದ ಸಾಟಿ ಮತ್ತು ಸಮಾನದ ಸಾಟಿ ಒಂದೇ ಬೇರಿನವಾ ಅಂತ ಬಲ್ಲವರು ತಿಳಿಸಿ. ಬೇರೆ ಬೇರೆ ಅಂತಾದರೂ ನನ್ನ ಪದಕ್ಕೆ ತೊಂದರೆಯಿಲ್ಲ, ಶ್ಲೇಷೆ ಅಂತ ಇಟ್ಟುಕೊಳ್ಳುತ್ತೇನೆ. ಮತ್ತೆ ‘ಸಾಟಿಸುರುಳಿ’ಯಲ್ಲಿ ಎರಡು ಸ-ಕಾರ ಒಟ್ಟಿಗೆ ಬಂದು ನಾಲಿಗೆ ತೊಡರುತ್ತದೆ ಅಂತ ನಮ್ಮ ಮನೆಯವರ ದೂರು. ‘ಸಾಟಿಗಂಟು’ ಅಂದರೆ ಲಾಡಿಯ ಗಂಟಿನಂತೆ ಕೇಳುತ್ತಾ?